ಒಂದೇ ಹಾಳೆಯ ಮೇಲೆ ಊಟವೂ ಮನಸ್ಸೂ

ನನಗಿರುವುದು ಬುಲಿಮಿಯಾ ಎಂಬ ಊಟದ ಕಾಯಿಲೆ ಮತ್ತು ಅದರ ಜೊತೆಗೆ, ಮನಸ್ಸು ಒಮ್ಮೆ ಮಿತಿಮೀರಿ ಮೇಲಕ್ಕೇರಿ ಒಮ್ಮೆ ಖಿನ್ನತೆಗೆ ಇಳಿಯುವ ಬೈಪೋಲಾರ್‌ನ ಎರಡನೆಯ ಬಗೆ ಎಂದು ಖಚಿತವಾಗುವ ಹೊತ್ತಿಗೆ ಸ್ತ್ರೀರೋಗ ತಜ್ಞರು, ಹೊಟ್ಟೆಯ ವೈದ್ಯರು, ಹಲ್ಲಿನ ವೈದ್ಯರು, ಹೀಗೆ ದೇಹದ ಒಂದೊಂದು ಭಾಗಕ್ಕೆ ಒಬ್ಬೊಬ್ಬರಂತೆ ಹಲವರು ನನ್ನನ್ನು ನೋಡಿಯಾಗಿತ್ತು. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಮುಟ್ಟು ಏರುಪೇರಾಗಿದ್ದದ್ದು ನಿಜ, ಅನ್ನನಾಳ ಕೆಂಪಾಗಿದ್ದದ್ದು ನಿಜ, ಹಲ್ಲು ಸವೆದಿದ್ದದ್ದೂ ನಿಜ. ಆದರೆ ಬೆಳಗಿನಿಂದ ಸಂಜೆಯವರೆಗೆ ನಾನು ಏನು ತಿನ್ನುತ್ತೇನೆ, ಯಾವಾಗ ಅಳು ಬರುತ್ತದೆ, ಎಷ್ಟು ನಿದ್ದೆ ಮಾಡುತ್ತೇನೆ ಎಂಬ ಮೂರು ಪ್ರಶ್ನೆಗಳನ್ನು ಒಟ್ಟಿಗೆ ಕೇಳಿದವರು ಬಹಳ ತಡವಾಗಿ ಸಿಕ್ಕರು. ಆ ಪ್ರಶ್ನೆಗಳು ಒಂದೇ ಬಾಯಿಂದ ಬಂದ ಮೇಲೆ ನಡೆದ ಚಿಕಿತ್ಸೆಯ ವಿವರವನ್ನು ಇಲ್ಲಿ ಬರೆಯುತ್ತಿದ್ದೇನೆ. ತೂಕದ ಅಂಕಿಗಳನ್ನಾಗಲಿ, ತಿಂದದ್ದನ್ನು ಹೊರಹಾಕುವ ವಿಧಾನಗಳನ್ನಾಗಲಿ ಬರೆಯುವುದಿಲ್ಲ. ಇದೇ ಕಾಯಿಲೆ ಇರುವವರು ಅಂಥ ವಿವರಗಳನ್ನು ಹೇಗೆ ಓದುತ್ತಾರೆ ಎಂಬುದು ನನಗೆ ಚೆನ್ನಾಗಿ ಗೊತ್ತು.

ನಮ್ಮದು ಹಾಸನದ ಕಡೆಯ ಊರು. ಓದು ಮುಗಿಸಿ ಬೆಂಗಳೂರಿನಲ್ಲಿ ಲೆಕ್ಕಪರಿಶೋಧನೆಯ ಕೆಲಸಕ್ಕೆ ಸೇರಿ, ಪಿಜಿಯಲ್ಲಿದ್ದೆ. ಮುಟ್ಟು ತಿಂಗಳುಗಟ್ಟಲೆ ತಪ್ಪಲು ಶುರುವಾದಾಗ ಸ್ಕ್ಯಾನಿಂಗ್ ಮಾಡಿಸಿ, ಪಿಸಿಒಡಿ, ಅಂದರೆ ಅಂಡಾಶಯದ ತೊಂದರೆ, ಇದೆ, ತೂಕ ಇಳಿಸಿ ಎಂಬ ಸಲಹೆ ಪಡೆದೆ. ಈ ಸಲಹೆಯನ್ನು ನನ್ನ ವಯಸ್ಸಿನ ಎಷ್ಟೋ ಹುಡುಗಿಯರು ಕೇಳಿರುತ್ತಾರೆ, ಹಲವರಿಗೆ ಅದರಿಂದ ಉಪಯೋಗವೂ ಆಗಿದೆ. ನನ್ನಲ್ಲಿ ಮಾತ್ರ ಅದು ಮೊದಲೇ ಒಳಗಿದ್ದ ಯಾವುದಕ್ಕೋ ಅನುಮತಿ ಪತ್ರ ಕೊಟ್ಟಂತಾಯಿತು. ಅನ್ನ ಬಿಟ್ಟೆ, ನಂತರ ಮುದ್ದೆ ಬಿಟ್ಟೆ, ನಂತರ ರಾತ್ರಿಯ ಊಟವನ್ನೇ ಬಿಟ್ಟೆ. ಯಾರಾದರೂ ಕೇಳಿದರೆ ಹೇಳಲು ನಮ್ಮಲ್ಲಿ ನೆಪಗಳಿಗೇನು ಕೊರತೆ? ಸೋಮವಾರ ಒಪ್ಪತ್ತು, ಗುರುವಾರ ರಾಯರ ದಿನ, ಏಕಾದಶಿ, ಸಂಕಷ್ಟಿ, ಶ್ರಾವಣವಂತೂ ಇಡೀ ತಿಂಗಳು. ಪಿಜಿಯ ಆಂಟಿ ನನ್ನನ್ನು ಬೇರೆ ಹುಡುಗಿಯರಿಗೆ ತೋರಿಸಿ, ಬೆಂಗಳೂರಿಗೆ ಬಂದರೂ ಆಚಾರ ಬಿಟ್ಟಿಲ್ಲ ನೋಡಿ ಎನ್ನುತ್ತಿದ್ದರು. ಊರಿಗೆ ಹೋದಾಗ ಅಮ್ಮ ಸಣ್ಣಗಾಗಿದ್ದೀಯ ಎಂದು ಮರುಗುತ್ತಲೇ, ಪಕ್ಕದ ಮನೆಯವರು ಈಗ ಲಕ್ಷಣವಾಗಿ ಕಾಣುತ್ತಾಳೆ ಎಂದರೆ ಒಳಗೊಳಗೆ ಹಿಗ್ಗುತ್ತಿದ್ದರು.

ಹಗಲು ಹೀಗೆ ಕಳೆದರೆ ಸಂಜೆ ಬೇರೆಯೇ ಆಗುತ್ತಿತ್ತು. ಆಫೀಸಿನಿಂದ ಬರುವ ದಾರಿಯಲ್ಲಿ ಬೇಕರಿಯ ಮುಂದೆ ನಿಂತಾಗ ನನ್ನ ಕಾಲು ನನ್ನ ಮಾತು ಕೇಳುತ್ತಿರಲಿಲ್ಲ. ಕೋಣೆಯ ಬಾಗಿಲು ಹಾಕಿಕೊಂಡು ರುಚಿ ಕೂಡ ತಿಳಿಯದಷ್ಟು ವೇಗವಾಗಿ ತಿನ್ನುವುದು, ಆ ಮೇಲೆ ಬರುವ ಭಯ, ಆ ಭಯ ತಡೆಯಲಾರದೆ ವಾಂತಿ, ಅದಾದ ಮೇಲೆ ಅರ್ಧ ಗಂಟೆಯ ಮಟ್ಟಿಗೆ ತಲೆಯೊಳಗೆ ಯಾವ ಸದ್ದೂ ಇಲ್ಲದಂಥ ಸ್ಥಿತಿ, ನಂತರ ಅಸಹ್ಯ, ನಾಳೆಯಿಂದ ಇನ್ನೂ ಕಟ್ಟುನಿಟ್ಟಾಗಿರಬೇಕೆಂಬ ಶಪಥ. ಈ ಚಕ್ರವನ್ನು ಲಂಡನ್ನಿನ ಮನೋವೈದ್ಯ ಜೆರಾಲ್ಡ್ ರಸೆಲ್ ಅವರು 1979ರಲ್ಲೇ ವಿವರಿಸಿ ಬುಲಿಮಿಯಾ ನರ್ವೋಸಾ ಎಂದು ಹೆಸರಿಟ್ಟಿದ್ದರೆಂಬುದು ನನಗೆ ಆಗ ತಿಳಿದಿರಲಿಲ್ಲ. ನನಗೆ ಗೊತ್ತಿದ್ದದ್ದು ಮೂಳೆ ಚಕ್ಕಳವಾಗಿ ಮಲಗಿರುವ ಹುಡುಗಿಯರ ಚಿತ್ರಗಳು ಮಾತ್ರ, ಅದು ಊಟವನ್ನೇ ಬಿಟ್ಟು ಸೊರಗುವ ಅನೊರೆಕ್ಸಿಯಾ. ಬುಲಿಮಿಯಾ ಇರುವ ಹೆಚ್ಚಿನವರು ನೋಡಲು ಎಲ್ಲರಂತೆಯೇ ಇರುತ್ತಾರೆ, ಕೆಲವರು ದಪ್ಪಗೂ ಇರುತ್ತಾರೆ. ಈ ಕಾಯಿಲೆ ಇಷ್ಟು ವರ್ಷ ಅಡಗಿ ಕೂರಲು ಸಾಧ್ಯವಾಗುವುದೂ ಅದರಿಂದಲೇ.

ಅದನ್ನು ಮೊದಲು ಕಂಡವರು ಹಲ್ಲಿನ ವೈದ್ಯರು. ತಣ್ಣೀರು ಕುಡಿದರೆ ಜುಮ್ಮೆನ್ನುತ್ತದೆ ಎಂದು ಹೋಗಿದ್ದೆ. ಅವರು ಸಣ್ಣ ಕನ್ನಡಿಯನ್ನು ಮೇಲಿನ ಮುಂಹಲ್ಲುಗಳ ಹಿಂದೆ ಹಿಡಿದು ಬಹಳ ಹೊತ್ತು ನೋಡಿದರು. ನಂತರ ಸಹಾಯಕಿಯನ್ನು ಏನೋ ತರಲು ಹೊರಗೆ ಕಳಿಸಿ, ಬಾಗಿಲು ಮುಚ್ಚಿದ ಮೇಲೆ, ಹುಳಿ ಹಣ್ಣಿನಿಂದಲೋ ಸೋಡಾದಿಂದಲೋ ಎನಾಮೆಲ್ ಕರಗಿದರೆ ಸಾಮಾನ್ಯವಾಗಿ ಹಲ್ಲಿನ ಮುಂಭಾಗ ಸವೆಯುತ್ತದೆ, ನಿಮ್ಮದು ನಾಲಿಗೆಯ ಕಡೆ ಸವೆದಿದೆ, ಆಮ್ಲ ಒಳಗಿನಿಂದ ಮೇಲೆ ಬರುತ್ತಿರಬೇಕು, ಮೇಲಿಂದ ಮೇಲೆ ವಾಂತಿಯಾಗುತ್ತದೆಯೇ ಎಂದು ಕೇಳಿದರು. ಬಾಯಲ್ಲಿ ಹತ್ತಿ ಇದ್ದದ್ದರಿಂದ ನಾನು ತಲೆಯಾಡಿಸಬೇಕಾಗಿ ಬಂತು. ಒಂದು ಪಕ್ಷ ಮಾತಾಡುವ ಸ್ಥಿತಿಯಲ್ಲಿದ್ದಿದ್ದರೆ ಗ್ಯಾಸ್ಟ್ರಿಕ್ ಎಂದು ಹೇಳಿ ಎದ್ದು ಬರುತ್ತಿದ್ದೆನೇನೋ. ಅವರು ಬರೆದುಕೊಟ್ಟ ರಕ್ತಪರೀಕ್ಷೆಯಲ್ಲಿ ಪೊಟ್ಯಾಸಿಯಂ ಕಡಿಮೆ ಬಂತು, ಅದು ಬಹಳ ಕೆಳಗೆ ಇಳಿದರೆ ಹೃದಯದ ಬಡಿತವೇ ತಪ್ಪಬಹುದಾದ್ದರಿಂದ ಅದೇ ದಿನ ಆಸ್ಪತ್ರೆಯಲ್ಲಿ ಇಸಿಜಿ ಮಾಡಿಸಿದರು. ಎಳನೀರು, ಬಾಳೆಹಣ್ಣು ತಿಂದರೆ ಸರಿಹೋಗುತ್ತದೆಯೇ ಎಂದು ಕೇಳಿದ್ದಕ್ಕೆ ಅಲ್ಲಿನ ವೈದ್ಯರು, ಮೇಲಿನಿಂದ ತುಂಬುತ್ತಾ ಹೋದರೂ ವಾಂತಿ ನಿಲ್ಲದಿದ್ದರೆ ಪೊಟ್ಯಾಸಿಯಂ ದೇಹದಲ್ಲಿ ಉಳಿಯುವುದಿಲ್ಲ ಎಂದು ಹೇಳಿ ಮನೋವೈದ್ಯರ ಬಳಿಗೆ ಚೀಟಿ ಬರೆದರು.

ಮೊದಲ ಮನೋವೈದ್ಯರು ನನ್ನ ಮಾತು ಕೇಳಿ, ಡಿಪ್ರೆಶನ್ ಇದೆ, ಬುಲಿಮಿಯಾವೂ ಇದೆ ಎಂದು ಹೇಳಿ ಫ್ಲೂಆಕ್ಸೆಟಿನ್ ಬರೆದರು. ಇದು ಹುಚ್ಚಾಟದ ಆಯ್ಕೆಯಲ್ಲ. ಬುಲಿಮಿಯಾಕ್ಕೆ ಕೆಲಸ ಮಾಡುತ್ತದೆ ಎಂದು ಪರೀಕ್ಷೆಗಳಲ್ಲಿ ಕಂಡುಬಂದಿರುವ ಮಾತ್ರೆ ಅದು. ಖಿನ್ನತೆಗೆ ಕೊಡುವುದಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ, ದಿನಕ್ಕೆ 60 ಮಿಲಿಗ್ರಾಂನವರೆಗೂ ಕೊಡುವುದುಂಟು. ನನಗೂ ಪ್ರಮಾಣ ಏರಿಸುತ್ತಾ ಹೋದರು. ಕೆಲವು ವಾರಗಳಲ್ಲಿ ನಾನು ಬೇರೆಯೇ ಮನುಷ್ಯಳಾದೆ. ಬೆಳಗಿನ ಜಾವ ನಾಲ್ಕಕ್ಕೆ ಎಚ್ಚರ, ಸುಸ್ತಿಲ್ಲ. ಆಫೀಸಿನಲ್ಲಿ ಇನ್ನೊಬ್ಬರ ಕಡತಗಳನ್ನೂ ಎಳೆದುಕೊಂಡು ಮುಗಿಸುತ್ತಿದ್ದೆ. ಹಸಿವೆಂಬುದೇ ಇರಲಿಲ್ಲ, ಆದ್ದರಿಂದ ಸಂಜೆಯ ತಿನ್ನುವಿಕೆಯೂ ಇರಲಿಲ್ಲ, ವಾಂತಿಯೂ ಇರಲಿಲ್ಲ. ತಮ್ಮನಿಗೆ ಫೋನು ಮಾಡಿ ಇಬ್ಬರೂ ಸೇರಿ ಊರಿನಲ್ಲಿ ತೆಂಗಿನೆಣ್ಣೆಯ ಘಟಕ ಹಾಕೋಣ ಎಂದು ರಾತ್ರಿ ಒಂದು ಗಂಟೆಯವರೆಗೆ ಲೆಕ್ಕ ಒಪ್ಪಿಸುತ್ತಿದ್ದೆ. ಮುಂದಿನ ಭೇಟಿಯಲ್ಲಿ ವಾಂತಿ ನಿಂತಿದೆ ಎಂದಾಗ ವೈದ್ಯರಿಗೂ ಸಂತೋಷವಾಯಿತು. ನಿದ್ದೆಯ ವಿಷಯ ಯಾರೂ ಕೇಳಲಿಲ್ಲ. ನನಗೂ ಅದೊಂದು ದೂರಾಗಿ ತೋರಲಿಲ್ಲ. ಊಟದ ಕಾಯಿಲೆಯನ್ನೇ ಕಣ್ಣಿಟ್ಟು ನೋಡುವವರಿಗೆ ಇದು ವಾಸಿಯಾದಂತೆಯೇ ಕಾಣುತ್ತದೆ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಬೈಪೋಲಾರ್ ಇರುವವರಿಗೆ ಖಿನ್ನತೆಯ ಮಾತ್ರೆಯನ್ನು ಒಂಟಿಯಾಗಿ ಕೊಟ್ಟರೆ ಕೆಲವರಲ್ಲಿ ಮನಸ್ಸು ಹೀಗೆ ಮೇಲಕ್ಕೆ ಜಿಗಿಯುತ್ತದೆ. ಅದು ಪೂರ್ಣ ಉನ್ಮಾದವಾದರೆ ಎಲ್ಲರಿಗೂ ಗೊತ್ತಾಗುತ್ತದೆ, ಅದರ ಸೌಮ್ಯ ರೂಪವಾದ ಹೈಪೊಮೇನಿಯಾ ಆದರೆ ಬಡ್ತಿ ಸಿಗುವ ಸಾಧ್ಯತೆಯೇ ಹೆಚ್ಚು.

ಕೆಳಗೆ ಬಿದ್ದದ್ದನ್ನು ವಿಸ್ತರಿಸಿ ಬರೆಯುವುದಿಲ್ಲ. ಹಾಸಿಗೆಯಿಂದ ಏಳಲಾರದ ವಾರಗಳು, ಎರಡು ಪಟ್ಟಾಗಿ ಮರಳಿದ ಸಂಜೆಗಳು, ಬದುಕಿರುವುದು ಬೇಡವೆನ್ನಿಸಿದ ರಾತ್ರಿಗಳು. ಅಂಥ ಒಂದು ರಾತ್ರಿ ತಮ್ಮ ಬೈಕಿನಲ್ಲಿ ಬಂದು ನನ್ನನ್ನು ಪಿಜಿಯಿಂದ ಕರೆದೊಯ್ದು ತನ್ನ ಕೋಣೆಯಲ್ಲಿ ಮಲಗಿಸಿಕೊಂಡ. ಬೆಳಗ್ಗೆ ಅವನೇ ಬೇರೊಂದು ಆಸ್ಪತ್ರೆಯಲ್ಲಿ ಸಮಯ ತೆಗೆದುಕೊಂಡ. ಇಂದು ಆ ಸ್ಥಿತಿಯಲ್ಲಿರುವವರು 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿಗೆ, ಅಂದರೆ 14416ಕ್ಕೆ, ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಎರಡನೆಯ ಆಸ್ಪತ್ರೆಯಲ್ಲಿ ಮನೋವೈದ್ಯರೂ ಕ್ಲಿನಿಕಲ್ ಸೈಕಾಲಜಿಸ್ಟ್ ಒಬ್ಬರೂ ಒಟ್ಟಿಗೆ ಕೂತಿದ್ದರು. ನನ್ನನ್ನು ಕೇಳಿದಷ್ಟೇ ತಮ್ಮನನ್ನೂ ಕೇಳಿದರು. ಯಾವುದಾದರೂ ಕಾಲದಲ್ಲಿ ಇವರು ಕಡಿಮೆ ನಿದ್ದೆ ಮಾಡಿಯೂ ಬಹಳ ಚಟುವಟಿಕೆಯಿಂದ ಇದ್ದದ್ದುಂಟೇ ಎಂಬ ಪ್ರಶ್ನೆಗೆ ಅವನು ಎಣ್ಣೆ ಘಟಕದ ಕಥೆ ಹೇಳಿದ. ಮನೆತನದಲ್ಲಿ ಯಾರಿಗಾದರೂ ಹೀಗಿತ್ತೇ ಎಂದಾಗ ನಮ್ಮಿಬ್ಬರಿಗೂ ಏಕಕಾಲಕ್ಕೆ ಚಿಕ್ಕಪ್ಪನ ನೆನಪಾಯಿತು. ಒಂದು ವರ್ಷ ರಾತ್ರೋರಾತ್ರಿ ಬಾವಿ ತೋಡಿಸಲು ಆಳು ಕರೆಸುತ್ತಿದ್ದ, ಮರುವರ್ಷ ಅಟ್ಟದ ಕೋಣೆಯಿಂದ ಇಳಿಯದೆ ತಿಂಗಳುಗಟ್ಟಲೆ ಮಲಗುತ್ತಿದ್ದ ಮನುಷ್ಯ. ಅವನನ್ನು ನಮ್ಮಲ್ಲಿ ವಿಚಿತ್ರ ಸ್ವಭಾವದವನೆಂದು ಕರೆದು ಸುಮ್ಮನಾಗಿದ್ದರು. ಬೈಪೋಲಾರ್ ಬಹಳ ಮಟ್ಟಿಗೆ ವಂಶದಲ್ಲಿ ಹರಿದು ಬರುವ ಕಾಯಿಲೆ. ಊಟದ ಕಾಯಿಲೆಗಳಲ್ಲೂ ವಂಶದ ಪಾತ್ರವಿದೆ. ಬುಲಿಮಿಯಾ ಅಥವಾ ಮಿತಿಮೀರಿ ತಿನ್ನುವ ಕಾಯಿಲೆ ಇರುವವರಲ್ಲಿ ಖಿನ್ನತೆ, ಆತಂಕ, ಬೈಪೋಲಾರ್‌ಗಳು ಉಳಿದವರಿಗಿಂತ ಹೆಚ್ಚಾಗಿ ಕಾಣುತ್ತವೆ ಎಂದು ಆ ದಿನ ಕೇಳಿದಾಗ ನನಗೆ ಆಶ್ಚರ್ಯಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಹಾಗಿದ್ದರೆ ಮೊದಲೇ ಎರಡನ್ನೂ ಒಟ್ಟಿಗೆ ಕೇಳಬಾರದಿತ್ತೇ?

ಆಮೇಲೆ ಶುರುವಾದದ್ದು ದಿನಚರಿ. ಊಟದ ಕಾಯಿಲೆಗೆ ಸಿಬಿಟಿ, ಅಂದರೆ ಯೋಚನೆ ಮತ್ತು ನಡವಳಿಕೆಯನ್ನು ತಿದ್ದುವ ಮಾತಿನ ಚಿಕಿತ್ಸೆ, ಪಡೆದವರೆಲ್ಲ ಏನು ತಿಂದೆವೆಂದು ಬರೆಯುತ್ತಾರೆ. ಬೈಪೋಲಾರ್ ಇರುವವರಿಗೆ ಮನಸ್ಸಿನ ಏರಿಳಿತದ ಪಟ್ಟಿ ಬೇರೆ ಕೊಡುತ್ತಾರೆ. ನನ್ನ ಸೈಕಾಲಜಿಸ್ಟ್ ಎರಡನ್ನೂ ಒಂದೇ ಹಾಳೆಯಲ್ಲಿ ಬರೆಯಲು ಹೇಳಿದರು. ಎಡಗಡೆ ಸಮಯ, ಮಧ್ಯೆ ತಿಂದದ್ದು, ಬಲಗಡೆ ಮನಸ್ಸು, ಕೆಳಗೆ ಹಿಂದಿನ ರಾತ್ರಿಯ ನಿದ್ದೆ. ತಿಂದ ಕೂಡಲೇ ಬರೆಯಬೇಕು, ರಾತ್ರಿ ಕೂತು ನೆನಪಿನಿಂದ ಬರೆಯಬಾರದು. ಕ್ಯಾಲೊರಿ ಬರೆಯಬಾರದು. ತೂಕವನ್ನು ವಾರಕ್ಕೊಮ್ಮೆ ಅವರ ಕೋಣೆಯಲ್ಲಿ ಮಾತ್ರ ನೋಡಬೇಕು. ನನ್ನ ಬಳಿ ಉಳಿದಿರುವ ಹಾಳೆಗಳಲ್ಲಿ ಒಂದು ಹೀಗಿದೆ:

ಬುಧವಾರ. ಏಳೂವರೆ: ಅರ್ಧ ಲೋಟ ಕಾಫಿ. ಮನಸ್ಸು ಸಾಧಾರಣ. ಹನ್ನೊಂದು: ಏನಿಲ್ಲ. ಮನಸ್ಸು ಚುರುಕು, ಸ್ವಲ್ಪ ಹೆಮ್ಮೆ. ಎರಡು ಗಂಟೆ: ಸೌತೆಕಾಯಿ, ಮಜ್ಜಿಗೆ. ಸಿಡಿಮಿಡಿ, ಎದುರಿನವರು ಪೆನ್ನು ಒತ್ತುವ ಸದ್ದಿಗೆ ತಲೆ ಸಿಡಿಯುತ್ತಿದೆ. ಐದೂವರೆ: ಏನಿಲ್ಲ. ಅಳು ಬರುತ್ತಿದೆ, ಕಾರಣವಿಲ್ಲ, ನಾನು ಯಾರಿಗೂ ಬೇಡ. ಎಂಟೂಕಾಲು: ನಕ್ಷತ್ರದ ಗುರುತು, ಅಂದರೆ ಮಿತಿಮೀರಿದ್ದು. ಒಂಬತ್ತು: ಖಾಲಿ, ಶಾಂತ. ಹತ್ತು: ಅಸಹ್ಯ. ನಿದ್ದೆ ಐದು ಗಂಟೆ.

ಅವರು ಐದೂವರೆಯ ಸಾಲಿನ ಮೇಲೆ ಬೆರಳಿಟ್ಟು, ಇಲ್ಲಿ ನಿಮಗೆ ದುಃಖವಾಗಿತ್ತೋ ಹಸಿವಾಗಿತ್ತೋ ಎಂದು ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ಹಲವು ವರ್ಷಗಳಿಂದ ಆ ಎರಡನ್ನೂ ಬೇರೆ ಮಾಡಿ ನೋಡುವ ಅಭ್ಯಾಸವೇ ತಪ್ಪಿಹೋಗಿತ್ತು. ಆ ಹಾಳೆಯಲ್ಲಿ ಐದೂವರೆಗೆ ಬಂದ, ನಾನು ಯಾರಿಗೂ ಬೇಡವೆಂಬ ಮಾತು ನನ್ನ ಬದುಕಿನ ಬಗ್ಗೆ ಕಂಡುಕೊಂಡ ಸತ್ಯವೆಂದೇ ನಾನು ನಂಬಿದ್ದೆ. ಹಿಂದಿನ ರಾತ್ರಿಯಿಂದ ಹೊಟ್ಟೆಗೆ ಸರಿಯಾಗಿ ಏನೂ ಬೀಳದ ಮನುಷ್ಯಳಿಗೆ ಸಂಜೆ ಐದೂವರೆಗೆ ಬೇರೆ ಏನು ಅನ್ನಿಸಲು ಸಾಧ್ಯವೆಂದು ಅವರು ಕೇಳಿದಾಗ ಒಪ್ಪಿಕೊಳ್ಳಲು ಕಷ್ಟವಾಯಿತು.

ಆಗ ಅವರು ಮಿನ್ನೆಸೊಟಾದ ಪ್ರಯೋಗದ ವಿಷಯ ತಿಳಿಸಿದರು. ಎರಡನೆಯ ಮಹಾಯುದ್ಧದ ಕೊನೆಯ ಭಾಗದಲ್ಲಿ, 1944ರ ನವೆಂಬರಿನಲ್ಲಿ ಶುರುವಾದ ಈ ಪ್ರಯೋಗದಲ್ಲಿ, ಅಮೆರಿಕದ ಮಿನ್ನೆಸೊಟಾ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಮತ್ತು ಸಂಗಡಿಗರು 36 ಯುವಕರನ್ನು ಆರಿಸಿಕೊಂಡು ಆರು ತಿಂಗಳ ಕಾಲ ಅರೆಹೊಟ್ಟೆಯಲ್ಲಿರಿಸಿದರು. ಬರಗಾಲಕ್ಕೆ ಸಿಕ್ಕಿದವರಿಗೆ ಮತ್ತೆ ಹೇಗೆ ಉಣ್ಣಿಸಬೇಕೆಂದು ತಿಳಿಯುವುದು ಉದ್ದೇಶವಾಗಿತ್ತು. ಯುದ್ಧದಲ್ಲಿ ಆಯುಧ ಹಿಡಿಯಲು ಒಪ್ಪದೆ ಬದಲಿ ಸೇವೆಗೆ ಬಂದಿದ್ದ ಆ ಯುವಕರನ್ನು ದೇಹ, ಮನಸ್ಸು ಎರಡೂ ಗಟ್ಟಿಯಾಗಿದೆಯೇ ಎಂದು ಪರೀಕ್ಷಿಸಿಯೇ ತೆಗೆದುಕೊಳ್ಳಲಾಗಿತ್ತು. ಅಂಥವರಲ್ಲಿ ಖಿನ್ನತೆ, ಸಿಡುಕು, ಒಂಟಿಯಾಗಿರುವ ಚಟ, ಯಾವುದರಲ್ಲೂ ಮನಸ್ಸು ನಿಲ್ಲದಿರುವುದು ಕಾಣಿಸಿಕೊಂಡವು. ಹಗಲಿರುಳೂ ಊಟದ್ದೇ ಯೋಚನೆ, ಅಡುಗೆಯ ಪುಸ್ತಕಗಳನ್ನು ಕೂಡಿಡುವುದು, ತಟ್ಟೆ ನೆಕ್ಕುವುದು. ಕೆಲವರು ತಡೆಯಲಾರದೆ ಕದ್ದು ತಿಂದು ಪಶ್ಚಾತ್ತಾಪಪಟ್ಟರು. ಊಟ ಮತ್ತೆ ಸಿಕ್ಕ ಮೇಲೂ ಬಹಳ ಕಾಲ ಹಲವರಿಗೆ ಹೊಟ್ಟೆ ತುಂಬಿದ ಅನುಭವವೇ ಬರಲಿಲ್ಲ. ನಾನು ರಾತ್ರಿ ಮೊಬೈಲಿನಲ್ಲಿ ಹೋಳಿಗೆ ಮಾಡುವ, ಬಿಸಿಬೇಳೆ ಬಾತಿಗೆ ಒಗ್ಗರಣೆ ಹಾಕುವ ವಿಡಿಯೊಗಳನ್ನು ಗಂಟೆಗಟ್ಟಲೆ ನೋಡುತ್ತಿದ್ದದ್ದನ್ನು ಯಾರಿಗೂ ಹೇಳಿರಲಿಲ್ಲ. ಅದು ನನ್ನೊಬ್ಬಳ ವಿಕಾರವೆಂದುಕೊಂಡಿದ್ದೆ. ಸುಮಾರು ಎಂಬತ್ತು ವರ್ಷಗಳ ಹಿಂದೆ, ಬೇರೊಂದು ಖಂಡದ, ಮದುವೆಯ ಮಾತಿಗಾಗಲಿ ಕನ್ನಡಿಗಾಗಲಿ ಸಂಬಂಧವೇ ಇಲ್ಲದ ಗಂಡಸರು ಅದನ್ನೇ ಮಾಡಿದ್ದರು ಎಂದು ತಿಳಿದ ಮೇಲೆ ನಾನು ಚಿಕಿತ್ಸೆಯಲ್ಲಿ ಮೊದಲ ಬಾರಿಗೆ ನಿಜವಾಗಿ ಭಾಗವಹಿಸಿದೆ ಎನ್ನಬಹುದು.

ಚಿಕಿತ್ಸೆಯ ಮೊದಲ ಹೆಜ್ಜೆ ಮನಸ್ಸಿನ ಆಳವನ್ನು ಕೆದಕುವುದಾಗಿರಲಿಲ್ಲ. ಮೂರು ಹೊತ್ತು ಊಟ, ನಡುವೆ ಎರಡೋ ಮೂರೋ ಸಣ್ಣ ತಿಂಡಿ, ಎಚ್ಚರವಿರುವಾಗ ಎರಡು ತಿನ್ನುವಿಕೆಗಳ ನಡುವೆ ನಾಲ್ಕು ಗಂಟೆಗಿಂತ ಹೆಚ್ಚಿನ ಅಂತರವಿಲ್ಲ. ಹಸಿವಾದರೂ ಆಗದಿದ್ದರೂ, ಹಿಂದಿನ ರಾತ್ರಿ ಮಿತಿಮೀರಿದ್ದರೂ, ವೇಳೆಗೆ ಸರಿಯಾಗಿ ತಿನ್ನಬೇಕು. ಆಕ್ಸ್‌ಫರ್ಡ್‌ನ ಕ್ರಿಸ್ಟೊಫರ್ ಫೇರ್‌ಬರ್ನ್ ಅವರು ರೂಪಿಸಿದ, ಸಾಮಾನ್ಯವಾಗಿ ಇಪ್ಪತ್ತು ಭೇಟಿಗಳಲ್ಲಿ ಮುಗಿಸುವ ಸಿಬಿಟಿಯ ಕ್ರಮವಿದು. ನನಗೆ ಇಪ್ಪತ್ತು ಸಾಲಲಿಲ್ಲ, ಬೈಪೋಲಾರ್ ನಡುವೆ ನಡುವೆ ಬಂದು ಹಾದಿ ಕೆಡಿಸುತ್ತಿತ್ತು. ಮೊದಲ ವಾರಗಳ ಬೆಳಗಿನ ತಿಂಡಿ ನನಗೆ ಬಹಳ ಭಯದ್ದಾಗಿತ್ತು. ಎರಡು ಇಡ್ಲಿಯ ಮುಂದೆ ಕೂತು ಮುಕ್ಕಾಲು ಗಂಟೆ ಕಳೆದದ್ದುಂಟು. ಆದರೆ ಬೆಳಗ್ಗೆ ಇಡ್ಲಿ, ಹನ್ನೊಂದಕ್ಕೆ ಕಡಲೆಬೀಜ, ಮಧ್ಯಾಹ್ನ ಅನ್ನ ಸಾರು ಇಳಿದ ದಿನಗಳಲ್ಲಿ ಐದೂವರೆಯ ಸಾಲಿನಲ್ಲಿ ಅಳುವಿನ ಬದಲು ಸುಸ್ತು ಎಂದಷ್ಟೇ ಬರೆಯತೊಡಗಿದೆ. ನನ್ನ ಬದುಕಿನ ಸತ್ಯವೆಂದುಕೊಂಡಿದ್ದ ಮಾತುಗಳಲ್ಲಿ ಅರ್ಧದಷ್ಟು ಹೀಗೆ ಕಡಲೆಬೀಜಕ್ಕೆ ಸೋತು ಹೋದವು. ಇದನ್ನು ಬರೆಯುವಾಗ ನಗು ಬರುತ್ತದೆ, ಆಗ ಮಾತ್ರ ಅವಮಾನವಾಗಿತ್ತು.

ವ್ರತಗಳ ವಿಷಯ ಬಂದಾಗ ಸೈಕಾಲಜಿಸ್ಟ್ ಧರ್ಮದ ಚರ್ಚೆಗೆ ಹೋಗಲಿಲ್ಲ. ಸದ್ಯಕ್ಕೆ ಯಾವ ಉಪವಾಸವೂ ಬೇಡ, ಕಾಯಿಲೆಯವರಿಗೆ ಶಾಸ್ತ್ರದಲ್ಲೇ ವಿನಾಯಿತಿ ಇದೆಯಲ್ಲವೇ ಎಂದಷ್ಟೇ ಹೇಳಿ, ಅಮ್ಮನನ್ನು ಕರೆತರಲು ಹೇಳಿದರು. ಅಮ್ಮ ಎಲ್ಲವನ್ನೂ ಕೇಳಿಸಿಕೊಂಡು ಬಹಳ ಹೊತ್ತು ಸೆರಗಿನ ಅಂಚು ಸುತ್ತುತ್ತಾ ಕೂತಿದ್ದು, ಕೊನೆಗೆ, “ಇವಳ ಪಾಲಿನ ಏಕಾದಶಿನೂ ನಾನೇ ಮಾಡ್ತೀನಿ ಬಿಡಿ ಡಾಕ್ಟ್ರೇ, ದೇವ್ರಿಗೆ ಲೆಕ್ಕ ಸಿಕ್ಕರೆ ಸಾಕಲ್ಲ” ಎಂದರು. ಊಟದ ಬಗ್ಗೆ ಮನೆಯಲ್ಲಿ ಏನು ಮಾತಾಡಬಾರದು ಎಂಬುದು ಅದಕ್ಕಿಂತ ಕಷ್ಟದ ಪಾಠವಾಯಿತು. ಇಷ್ಟೇನಾ ಉಣ್ಣೋದು ಎಂದೂ ಕೇಳಬಾರದು, ಇವತ್ತು ಚೆನ್ನಾಗಿ ಉಂಡೆ ಎಂದು ಹೊಗಳಲೂಬಾರದು. ಬಡಿಸುವಾಗ ಮಾತಿಲ್ಲದೆ ಇರುವುದು ಅಮ್ಮನಿಗೆ ಇನ್ನೂ ಪೂರ್ತಿ ಒಗ್ಗಿಲ್ಲ.

ಊಟ ವೇಳೆಗೆ ಬಂದ ಮೇಲೂ ನಕ್ಷತ್ರದ ಗುರುತುಗಳು ಉಳಿದವು, ಆದರೆ ಈಗ ಅವು ಬೇರೆ ಜಾಗಗಳಲ್ಲಿದ್ದವು. ಹೊಟ್ಟೆ ತುಂಬ ಉಂಡ ಭಾನುವಾರದ ರಾತ್ರಿ, ಊರಿನಿಂದ ಫೋನು ಬಂದ ಮೇಲೆ. ಮದುವೆಯ ಪ್ರಸ್ತಾಪ, ಹುಡುಗನ ಕಡೆಯವರು ಫೋಟೊ ನೋಡಿ ಏನೋ ಅಂದರೆಂಬ ವರ್ತಮಾನ, ಅದಕ್ಕೆ ನಾನು ಹ್ಞೂಂ ಎಂದು ಫೋನಿಟ್ಟದ್ದು. ಹಾಳೆಯಲ್ಲಿ ಮನಸ್ಸಿನ ಜಾಗದಲ್ಲಿ ಏನೂ ಇಲ್ಲ ಎಂದು ಬರೆದಿದ್ದೆ. ಏನೂ ಇಲ್ಲದ್ದಕ್ಕೆ ಇಷ್ಟೊಂದು ತಿನ್ನಬೇಕಾಯಿತೇ ಎಂದು ಅವರು ಕೇಳಿದರು. ಸಿಟ್ಟು ಬಂದಾಗ ನನಗೆ ಸಿಟ್ಟೆಂದು ತಿಳಿಯುತ್ತಿರಲಿಲ್ಲ, ಗಂಟಲು ಬಿಗಿಯುತ್ತಿತ್ತು ಅಷ್ಟೆ, ಆ ಬಿಗಿತಕ್ಕೆ ನನಗೆ ಗೊತ್ತಿದ್ದ ಔಷಧ ಬೇಕರಿಯಲ್ಲಿತ್ತು. ತನ್ನೊಳಗೆ ನಡೆಯುತ್ತಿರುವುದು ಯಾವ ಭಾವ ಎಂದು ಗುರುತಿಸಲು ಬಾರದ ಈ ತೊಡಕು ಊಟದ ಕಾಯಿಲೆಯವರಲ್ಲಿ ಸಾಮಾನ್ಯವಂತೆ. ಹಾಗಾಗಿ ಮೊದಲು ದೇಹದಲ್ಲಿ ಎಲ್ಲಿ ಏನಾಗುತ್ತಿದೆ ಎಂದು ಬರೆಯುವುದು, ನಂತರ ಅದಕ್ಕೆ ಭಾವದ ಹೆಸರು ಹುಡುಕುವುದು, ಅಷ್ಟರವರೆಗೆ ಕೋಣೆಯಿಂದ ಹೊರಗೆ ಬಂದು ಮಹಡಿಯ ಮೇಲೆ ನಡೆಯುವುದು ಎಂಬ ಅಭ್ಯಾಸ ಕೊಟ್ಟರು. ತಿನ್ನಲೇಬೇಕೆಂಬ ಒತ್ತಡ ಏರುತ್ತಲೇ ಇರುತ್ತದೆ ಎಂದು ನಾವು ಹೆದರುತ್ತೇವೆ. ಅದು ಸ್ವಲ್ಪ ಹೊತ್ತಿಗೆ ತಾನಾಗಿ ಇಳಿಯುತ್ತದೆ ಎಂಬುದನ್ನು ನಡೆಯುತ್ತಾ ನಡೆಯುತ್ತಾ ಕಂಡುಕೊಂಡೆ. ಆದರೆ ನಿಜವಾದ ವ್ಯತ್ಯಾಸ ಆದದ್ದು ಒಂದು ಭಾನುವಾರ ಅಪ್ಪನಿಗೆ, ಇನ್ನು ನನ್ನ ಫೋಟೊ ಯಾರಿಗೂ ಕಳಿಸಬೇಡಿ ಎಂದು ಹೇಳಿದ ಮೇಲೆ. ಮನೆಯಲ್ಲಿ ಹದಿನೈದು ದಿನ ಮುನಿಸಿತ್ತು. ಹಾಳೆಯಲ್ಲಿ ಆ ಹದಿನೈದು ದಿನ ನಕ್ಷತ್ರಗಳಿರಲಿಲ್ಲ.

ಇಷ್ಟಾದ ಮೇಲೂ ಉಳಿದ ಒಂದು ಭಾಗಕ್ಕೆ ಊಟವೂ ಕಾರಣವಲ್ಲ, ಫೋನೂ ಕಾರಣವಲ್ಲ ಎಂದು ಹಾಳೆಗಳೇ ತೋರಿಸಿದವು. ವೇಳೆಗೆ ಸರಿಯಾಗಿ ಉಂಡು, ಯಾರೊಂದಿಗೂ ಜಗಳವಿಲ್ಲದೆ ಇದ್ದರೂ ವಾರಗಟ್ಟಲೆ ಮನಸ್ಸು ಕೆಸರಿನಲ್ಲಿ ಹೂತಂತೆ ಇರುತ್ತಿತ್ತು. ಅಪರೂಪಕ್ಕೆ ಕೆಲವು ದಿನ ನಿದ್ದೆ ನಾಲ್ಕು ಗಂಟೆಗೆ ಇಳಿದು, ತಿಂಡಿಯ ಜಾಗ ಖಾಲಿ ಬಿದ್ದು, ಅಕ್ಷರ ದೊಡ್ಡದಾಗಿ ಸಾಲುಗಳು ಅಂಚು ಮೀರುತ್ತಿದ್ದವು. ಇದನ್ನು ಸರಿಪಡಿಸುವುದು ಮಾತ್ರೆಯ ಕೆಲಸ ಎಂದು ಮನೋವೈದ್ಯರು ಹೇಳಿದರು. ಫ್ಲೂಆಕ್ಸೆಟಿನ್ ಆಗಲೇ ನಿಲ್ಲಿಸಿಯಾಗಿತ್ತು. ಅದು ದೇಹದಿಂದ ಪೂರ್ತಿ ಹೋಗಲು ವಾರಗಳೇ ಬೇಕಾದ್ದರಿಂದ ಕಾದಿದ್ದರು. ಬೈಪೋಲಾರ್‌ಗೆ ಹಳೆಯ, ನೆಚ್ಚಿನ ಮದ್ದು ಲಿಥಿಯಂ. ಆದರೆ ರಕ್ತದಲ್ಲಿ ಅದರ ಮಟ್ಟ ಕಡಿಮೆಯಾದರೆ ಕೆಲಸ ಮಾಡದು, ಸ್ವಲ್ಪ ಹೆಚ್ಚಾದರೂ ವಿಷವಾಗುತ್ತದೆ. ವಾಂತಿಯಿಂದ ದೇಹದ ನೀರು, ಉಪ್ಪು ಇಳಿದರೆ ಮಟ್ಟ ಏಕಾಏಕಿ ಏರಬಹುದು. ವಾಂತಿ ಪೂರ್ತಿ ನಿಲ್ಲದ ನನಗೆ ಅದು ಬೇಡವೆಂದರು. ವ್ಯಾಲ್‌ಪ್ರೊಯೇಟ್, ಕ್ವೆಟಿಯಾಪಿನ್‌ನಂಥ ಕೆಲವು ಮಾತ್ರೆಗಳಿಂದ ತೂಕ ಏರುವುದು ಸಾಮಾನ್ಯ. ಏರಿದರೆ ನಾನು ಮಾತ್ರೆ ನುಂಗುವುದಿಲ್ಲ ಎಂದು ಮೊದಲೇ ಹೇಳಿಬಿಟ್ಟಿದ್ದೆ. ಅವರು ಅದನ್ನು ಹಟವೆಂದು ಬೈಯದೆ ಫೈಲಿನಲ್ಲಿ ಬರೆದುಕೊಂಡರು. ಕೊನೆಗೆ ಆರಿಸಿದ್ದು ಲ್ಯಾಮೊಟ್ರಿಜಿನ್. ಅದು ಖಿನ್ನತೆಯ ಕಡೆಗೆ ಹೆಚ್ಚು ವಾಲುವ ಬೈಪೋಲಾರ್‌ಗೆ ಹೊಂದುತ್ತದೆ, ತೂಕವನ್ನು ಅಷ್ಟಾಗಿ ಬದಲಿಸುವುದಿಲ್ಲ. ಆದರೆ ಅವಸರ ಮಾಡುವಂತಿಲ್ಲ. ಚರ್ಮದ ಮೇಲೆ ಪ್ರಾಣಕ್ಕೇ ಅಪಾಯ ತರಬಲ್ಲ ದದ್ದು ಏಳುವ ಸಾಧ್ಯತೆ ಇರುವುದರಿಂದ 25 ಮಿಲಿಗ್ರಾಂನಿಂದ ಶುರುಮಾಡಿ ಎರಡೆರಡು ವಾರಕ್ಕೆ ನಿಧಾನವಾಗಿ ಏರಿಸಬೇಕು. ಯಾವ ಹೊತ್ತಿನಲ್ಲಿ ವಾಂತಿಯಾಗುವುದಿಲ್ಲವೋ ಆ ಹೊತ್ತಿಗೆ ಮಾತ್ರೆ ಎಂದು ಬೆಳಗಿನ ತಿಂಡಿಯ ಜೊತೆಗೆ ಇಟ್ಟರು. ಹಾಳೆ ಇಲ್ಲದಿದ್ದರೆ ಆ ಹೊತ್ತು ಯಾವುದೆಂದು ಹೇಳಲು ನನಗೂ ಆಗುತ್ತಿರಲಿಲ್ಲ. ಊಟದ ಕಾಯಿಲೆಯನ್ನು ಮನೋವೈದ್ಯರಿಂದ ಮುಚ್ಚಿಟ್ಟು ಖಿನ್ನತೆಗೆ ಮಾತ್ರ ಮದ್ದು ಕೇಳುವವರು ಇನ್ನೊಂದನ್ನೂ ತಿಳಿದಿರಬೇಕು: ಖಿನ್ನತೆಗೆ ಕೊಡುವ ಬ್ಯುಪ್ರೊಪಿಯಾನ್ ಎಂಬ ಮಾತ್ರೆಯನ್ನು ಬುಲಿಮಿಯಾ, ಅನೊರೆಕ್ಸಿಯಾ ಇದ್ದವರಿಗೆ ಕೊಡಬಾರದು, ಅವರಲ್ಲಿ ಫಿಟ್ಸ್ ಬರುವ ಅಪಾಯ ಹೆಚ್ಚು.

ಊಟದ ವೇಳಾಪಟ್ಟಿ ಎರಡು ಕಾಯಿಲೆಗೂ ಮದ್ದಾದದ್ದು ನನಗೆ ಈಗಲೂ ಕುತೂಹಲದ ವಿಷಯ. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಎಲೆನ್ ಫ್ರಾಂಕ್ ಮತ್ತು ಸಂಗಡಿಗರು ಬೈಪೋಲಾರ್ ಇರುವವರಿಗಾಗಿ ರೂಪಿಸಿದ ಚಿಕಿತ್ಸೆಯಲ್ಲಿ ಏಳುವುದು, ಉಣ್ಣುವುದು, ಜನರ ಜೊತೆ ಬೆರೆಯುವುದು, ಮಲಗುವುದು ಎಲ್ಲವೂ ದಿನವೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ನಡೆಯಬೇಕೆನ್ನುತ್ತಾರೆ. ಒಳಗಿನ ಗಡಿಯಾರ ಹದಗೆಟ್ಟರೆ ಮನಸ್ಸು ಮೇಲಕ್ಕೋ ಕೆಳಕ್ಕೋ ಜಾರುತ್ತದೆ ಎಂಬುದು ಅದರ ತಳಹದಿ. ಬುಲಿಮಿಯಾಕ್ಕೆಂದು ಕೊಟ್ಟ ಬೆಳಗಿನ ತಿಂಡಿ ಬೈಪೋಲಾರ್‌ಗೂ ಗೂಟವಾಗಿ ನಿಂತಿತು. ತಿಂಡಿ ಎಂಟಕ್ಕೆ ಆಗಬೇಕಾದರೆ ಏಳಕ್ಕೆ ಏಳಬೇಕು, ಏಳಕ್ಕೆ ಏಳಬೇಕಾದರೆ ಹನ್ನೊಂದಕ್ಕೆ ಮಲಗಬೇಕು. ಯಾವುದು ಮೊದಲು ಬಂದದ್ದು, ಯಾವುದು ಯಾವುದಕ್ಕೆ ಕಾರಣ ಎಂದು ನೆಂಟರು ಈಗಲೂ ಕೇಳುತ್ತಾರೆ. ಹಾಳೆಗಳನ್ನು ಹರಡಿಕೊಂಡು ನೋಡಿದರೆ ಬಾಣದ ಗುರುತುಗಳು ಎರಡೂ ದಿಕ್ಕಿಗೆ ಹೋಗುತ್ತವೆ, ಕೆಲವು ಎಲ್ಲಿಗೂ ಹೋಗುವುದಿಲ್ಲ. ವಾಸಿಯಾಗಲು ಆ ಪ್ರಶ್ನೆಗೆ ಉತ್ತರ ಸಿಗಬೇಕಾದ ಅಗತ್ಯವೂ ಬೀಳಲಿಲ್ಲ.

ಪೊಟ್ಯಾಸಿಯಂ ಈಗ ಸರಿಯಾಗಿದೆ, ಮುಟ್ಟು ಬರುತ್ತಿದೆ, ಸವೆದ ಹಲ್ಲುಗಳಿಗೆ ಲೇಪನ ಹಾಕಿಸಿದ್ದೇನೆ. ನಕ್ಷತ್ರದ ಗುರುತು ತಿಂಗಳುಗಟ್ಟಲೆ ಇರುವುದಿಲ್ಲ, ಆಮೇಲೆ ಒಂದೆರಡು ಬರುತ್ತವೆ. ನಮ್ಮ ಕೆಲಸದಲ್ಲಿ ಮಾರ್ಚ್ ತಿಂಗಳೆಂದರೆ ರಾತ್ರಿ ಹಗಲಿನ ವ್ಯತ್ಯಾಸವಿಲ್ಲ, ಎಲ್ಲರೂ ಊಟ ಬಿಟ್ಟು ಕಾಫಿಯ ಮೇಲೆ ಬದುಕುತ್ತಾರೆ, ಅದನ್ನೇ ಶ್ರದ್ಧೆ ಎನ್ನುತ್ತಾರೆ. ಹೀಗಾಗಿ ಈ ಸಲ ಫೆಬ್ರವರಿಯಲ್ಲೇ ಮನೋವೈದ್ಯರು, ಸೈಕಾಲಜಿಸ್ಟ್, ತಮ್ಮ, ನಾನು ಕೂತು ಒಂದು ಪಟ್ಟಿ ಮಾಡಿದೆವು. ರಾತ್ರಿ ಹತ್ತರ ನಂತರ ಆಫೀಸಿನಲ್ಲಿ ಇರುವುದಿಲ್ಲವೆಂದು ಮೇಲಿನವರಿಗೆ ವೈದ್ಯರ ಪತ್ರ ಕೊಡುವುದು, ಡಬ್ಬಿ ಮತ್ತು ಎರಡು ತಿಂಡಿ ಚೀಲದಲ್ಲಿ ಇರುವುದು, ಎರಡು ರಾತ್ರಿ ಸತತವಾಗಿ ಐದು ಗಂಟೆಗಿಂತ ಕಡಿಮೆ ನಿದ್ದೆಯಾದರೆ ಕಾಯದೆ ಆಸ್ಪತ್ರೆಗೆ ಫೋನು ಮಾಡುವುದು. ತಮ್ಮ ಗಮನಿಸಬೇಕಾದ ಲಕ್ಷಣಗಳನ್ನು ಅವನೇ ಹೇಳಿ ಬರೆಸಿದ: ಅಕ್ಕ ನಡುರಾತ್ರಿ ಮೆಸೇಜ್ ಮಾಡಿದರೆ, ಹೊಸ ವ್ಯಾಪಾರದ ಮಾತೆತ್ತಿದರೆ, ಕೇಳುವ ಮೊದಲೇ ಊಟ ಆಯಿತು ಎಂದು ಹೇಳಿದರೆ. ಮೂರನೆಯದನ್ನು ಅವನು ಹೇಗೆ ಕಂಡುಹಿಡಿದನೋ ನನಗೆ ತಿಳಿಯದು, ಸೈಕಾಲಜಿಸ್ಟ್ ಅದರ ಕೆಳಗೆ ಗೆರೆ ಎಳೆದರು. ಪಟ್ಟಿಯ ಒಂದು ಪ್ರತಿ ಅವನ ಬಳಿ, ಒಂದು ಆಸ್ಪತ್ರೆಯ ಫೈಲಿನಲ್ಲಿದೆ. ಏಪ್ರಿಲ್ ಮೊದಲ ವಾರಕ್ಕೆ ಮುಂದಿನ ಭೇಟಿ ಗೊತ್ತುಮಾಡಿದ್ದಾರೆ.